ನಡು ಖಾನೆ

ಎಂಟು ವರ್ಷ ನಮ್ಮಪ್ಪ ದಿನಾ ನಾಲ್ಕು ಗಂಟೆಗೆ ಬೀರುವಿನ ಬಾಗಿಲಿಗೆ ಎರಡೂ ಅಂಗೈ ಒತ್ತಿ ನಿಂತಿದ್ದಾನೆ. ಮಿಲ್ಲಿನ ಸಿಳ್ಳೆ ಕೂಗಿದ್ದೇ ತಡ, ಹೊಸೆಯುತ್ತಿದ್ದ ಹಗ್ಗವನ್ನು ಅಲ್ಲೇ ಬಿಟ್ಟು ಒಳಗೆ ಬರುವುದು, ಬಾಗಿಲು ಹಾಕಿದೆಯೋ ಇಲ್ಲವೋ ಅಂತ ಮೂರು ಸಲ ಎಳೆದು ನೋಡುವುದು, ಆಮೇಲೆ ಬೀಳುವ ಗೋಡೆಯನ್ನು ತಡೆದು ಹಿಡಿದವನ ಹಾಗೆ ಕಾಲು ಅಗಲಿಸಿ ನಿಲ್ಲುವುದು. ಸೊಳ್ಳೆ ಕಚ್ಚಿದರೂ ಕೈ ತೆಗೆಯುತ್ತಿರಲಿಲ್ಲ. ಅವನನ್ನು ಹಾಗೆ ನಿಲ್ಲಿಸಿದವನು ನಾನು. ನನ್ನಿಂದ ಆ ಕೆಲಸ ಮಾಡಿಸಿದವರು ಯಾರು ಅನ್ನುವುದನ್ನು ಹೇಳುತ್ತೇನೆ. ಹೇಳದಿದ್ದರೆ ಹೊಟ್ಟೆಯೊಳಗಿನ ಉರಿ ಆರುವುದಿಲ್ಲ. ಹೇಳಿದರೂ ಆರುತ್ತದೆ ಅಂತ ನಂಬಿಕೆಯೇನೂ ಇಲ್ಲ.

ನಮ್ಮೂರಿನಲ್ಲಿ ದಿನಾ ನಾಲ್ಕು ಗಂಟೆಗೆ ಬಿಳುಪು ಬರುತ್ತದೆ. ಒಂದು ಪಾತ್ರೆ ಅನ್ನ ಬೇಯುವಷ್ಟು ಹೊತ್ತು ಇರುತ್ತದೆ, ಹೋಗುತ್ತದೆ. ಇದ್ದಷ್ಟು ಹೊತ್ತು, ಮನುಷ್ಯ ಬಣ್ಣ ಹಚ್ಚಿದ್ದು, ಬರೆದದ್ದು, ಅಚ್ಚು ಹಾಕಿದ್ದು ಏನು ಸಿಕ್ಕಿದರೂ ಎತ್ತಿಕೊಂಡು ಹೋಗುತ್ತದೆ. ಗಿಡದ ಹಸಿರಿಗೆ, ತಲೆಗೂದಲ ಕಪ್ಪಿಗೆ ಅದು ಕೈ ಹಚ್ಚುವುದಿಲ್ಲ. ನಮ್ಮಜ್ಜಿ ಮದುವೆಯಾಗಿ ಈ ಊರಿಗೆ ಬಂದಾಗ ಮೊಣಕೈ ತನಕ ಹಚ್ಚೆ ಇತ್ತಂತೆ. ವಾರ ಕಳೆಯುವಷ್ಟರಲ್ಲಿ ಬರಿಗೈ. ಹಂಚು, ಗೋಡೆ, ಕಿಟಕಿ ಯಾವುದೂ ಬಿಳುಪಿಗೆ ಲೆಕ್ಕಕ್ಕಿಲ್ಲ. ಮುಚ್ಚಿದ ಬೀರುವಿನೊಳಕ್ಕೆ ಮಾತ್ರ ಬರುವುದಿಲ್ಲ. ಅದಕ್ಕೇ ನಮ್ಮಲ್ಲಿ ಅಂಗಡಿಯ ಹೆಸರನ್ನು ಬರೆಸುವುದಿಲ್ಲ, ಕಲ್ಲಿನಲ್ಲಿ ಕೆತ್ತಿಸುತ್ತೇವೆ. ಮೂರೂಮುಕ್ಕಾಲಿಗೆ ಸಿಳ್ಳೆ ಕೂಗಿದರೆ ಊರಿಗೆ ಊರೇ ಬಣ್ಣದ ಬಟ್ಟೆ ಬಿಚ್ಚಿ ಬಿಳಿ ಬಟ್ಟೆಗೆ ಇಳಿಯುತ್ತದೆ. ಕ್ಯಾಲೆಂಡರು, ದೇವರ ಪಟ, ರೇಷನ್ ಕಾರ್ಡು, ಮಕ್ಕಳ ಪುಸ್ತಕ ಎಲ್ಲಾ ಬೀರುವಿನೊಳಕ್ಕೆ. ಬಸ್ಸು ಊರಾಚೆಯ ಹುಣಸೆಮರದ ಹತ್ತಿರ ನಿಂತು, ಬಿಳುಪು ಹೋದ ಮೇಲೆ ಒಳಗೆ ಬರುತ್ತದೆ. ಹೊರಗಿನವರಿಗೆ ಇದು ಸೋಜಿಗ. ನಮಗೆ ಸಂಜೆ ಕಾಫಿಗೆ ಮುಂಚೆ ಮುಗಿಸಬೇಕಾದ ಒಂದು ಕೆಲಸ.

ಹಾಗಾಗಿ ಬೇರೆ ಊರುಗಳಲ್ಲಿ ದನದ ಮಾತು, ಹೊಲದ ಮಾತು ಆಡುವ ಹಾಗೆ ನಾವು ಬೀರುವಿನ ಮಾತು ಆಡುತ್ತೇವೆ. ಸೀರೆ ಬೀರು ಎತ್ತರ, ಒಳಗೆ ಕೋಲು ಇರುತ್ತದೆ. ಕಾಗದದ ಬೀರು ಗಿಡ್ಡ, ತಗಡು ದಪ್ಪ. ಅಂಗಡಿ ಬೀರುವಿಗೆ ಮಡಚುವ ಬಾಗಿಲು, ಯಾಕೆಂದರೆ ಮೂಟೆ ಮೂಟೆಯಾಗಿ ಚೀಟಿ ಬಟ್ಟೆ ತಳ್ಳಬೇಕು. ಹೆಣ್ಣಿಗೆ ಮದುವೆಯಲ್ಲಿ ಕೊಡುವುದು ಜೋಡಿ ಬಾಗಿಲಿನದು. ತೊಟ್ಟಿಲ ಪಕ್ಕಕ್ಕೆಂದು ಮಗುವಿನ ಕುಲಾವಿ, ಗಿಲಕಿ ಇಡುವಷ್ಟು ಪುಟ್ಟದೂ ಇದೆ. ಯಾವುದೇ ಆಗಲಿ, ಐದು ಖಾನೆ. ಮೇಲಿನ ಎರಡರಲ್ಲಿ ಹಬ್ಬದ್ದು, ಕೆಳಗಿನ ಎರಡರಲ್ಲಿ ದಿನಬಳಕೆಯದ್ದು. ನಡು ಖಾನೆ ಬೀಗದ ಕಣ್ಣಿಗೆ ನೇರ ಎದುರು, ಕೈಗೆ ಸುಲಭ, ಕಳ್ಳನಿಗೆ ಕಷ್ಟ. ಮನೆಯಲ್ಲಿ ಯಾವುದು ಹೋದರೆ ಮನೆಯೇ ಹೋಗುತ್ತದೋ ಅದನ್ನು ನಡು ಖಾನೆಯಲ್ಲಿ ಇಡುತ್ತಾರೆ. ಇದನ್ನು ಯಾರೂ ಯಾರಿಗೂ ಕಲಿಸಬೇಕಾಗಿಲ್ಲ.

ಆ ನಡು ಖಾನೆಯಲ್ಲಿ ಇಟ್ಟದ್ದೇ ಬೆಳ್ಳಗಾಗುತ್ತಿತ್ತು. ಎಲ್ಲರ ಮನೆಯಲ್ಲೂ ಅಲ್ಲ, ಒಂದೇ ದಿನಕ್ಕೂ ಅಲ್ಲ. ಆರು ತಿಂಗಳಿಗೋ ವರ್ಷಕ್ಕೋ ತೆಗೆದು ನೋಡಿದರೆ ಪತ್ರದಲ್ಲಿ ಅಕ್ಷರ ಇಲ್ಲ, ಫೋಟೋದಲ್ಲಿ ಮುಖ ಇಲ್ಲ. ಆಗ ಮನೆಯಲ್ಲಿ ಏಳುತ್ತಿದ್ದದ್ದು ಒಂದೇ ಮಾತು: ಬಾಗಿಲು ಸರಿಯಾಗಿ ಹಾಕಿದವರು ಯಾರು? ಅತ್ತೆ ಸೊಸೆಯನ್ನು ಕೇಳುತ್ತಿದ್ದಳು, ಅಣ್ಣ ತಮ್ಮನನ್ನು ಕೇಳುತ್ತಿದ್ದ. ಶಾಲೆಯ ಹತ್ತಿರ ಇಡ್ಲಿ ಮಾರುವ ಜವರಮ್ಮನ ಕಥೆಯೂ ಇದೇ. ಅವಳ ಗಂಡನ ಮನೆಯ ಜಮೀನಿನ ಪತ್ರ ಬೆಳ್ಳಗಾಯಿತು. ಬೀರುವಿನ ಬಾಗಿಲು ಹಾಕುವುದು ಸೊಸೆಯ ಕೆಲಸ. ಮೂರು ತಿಂಗಳ ಬಸುರಿಯನ್ನು ಬೀರುವಿನ ಸಮೇತ ತವರಿಗೆ ಕಳಿಸಿದರು. ಆ ಕೂಸು ಉಳಿಯಲಿಲ್ಲ. ಜವರಮ್ಮ ಇಡ್ಲಿ ಬುಟ್ಟಿ ಹೊತ್ತಳು.

ನಮ್ಮ ಮನೆಯಲ್ಲಿ ಬೆಳ್ಳಗಾದದ್ದು ನನ್ನ ಏಳನೇ ಕ್ಲಾಸಿನ ಅಂಕಪಟ್ಟಿ. ಊರಿಗೇ ಎರಡನೆಯವನಾಗಿ ಪಾಸಾಗಿದ್ದೆ. ಹೈಸ್ಕೂಲು ಹೊಳೆಯಾಚೆಯ ಊರಿನಲ್ಲಿ; ಅಲ್ಲಿ ಸೇರಲು ಹೋಗುವ ದಿನ ಬೆಳಿಗ್ಗೆ ತೆಗೆದು ನೋಡಿದರೆ ಕೈಯಲ್ಲಿ ಬಿಳಿ ಹಾಳೆ. ಶಾಲೆಯ ದಾಖಲೆ ನೋಡಿಸೋಣ ಅಂತ ಹೋದರೆ ಅದೂ ನಡು ಖಾನೆಯಲ್ಲಿತ್ತು, ಅದೂ ಬಿಳಿ. ಅಲ್ಲಿ ಜವಾನ ಬಾಗಿಲು ಸರಿಯಾಗಿ ಹಾಕಿರಲಿಲ್ಲವಂತೆ. ಹೊಳೆಯಾಚೆಯ ಗುಮಾಸ್ತ ಹಾಳೆಯನ್ನು ಬೆಳಕಿಗೆ ಹಿಡಿದು, "ಇದರಲ್ಲಿ ನೀನೆಲ್ಲಿದ್ದೀಯೋ ತೋರಿಸಪ್ಪ" ಅಂದು ನಕ್ಕ. ಹದಿಮೂರು ವರ್ಷದವನು ಮನೆಗೆ ಬಂದು ಅಪ್ಪನ ಮುಂದೆ ಆ ಹಾಳೆ ಎಸೆದೆ. ಅವ್ವ ಹೋಗಿ ಆಗ ಎರಡು ವರ್ಷ. ಮನೆಯಲ್ಲಿ ಬಾಗಿಲು ಹಾಕುತ್ತಿದ್ದವನು ಅಪ್ಪ ಒಬ್ಬನೇ. "ನೀನು ಬಾಗ್ಲು ಸರಿಯಾಗಿ ಹಾಕ್ಲಿಲ್ಲ" ಅಂದೆ. ಅವನು ಮೊದಲು, "ಹಾಕಿದ್ದೆ ಕಣ್ ಮಗಾ" ಅಂದ. ಮರುದಿನ ಮತ್ತೆ ಅಂದೆ. ಊಟಕ್ಕೆ ಕೂತಾಗ ಅಂದೆ, ಹಗ್ಗಕ್ಕೆ ನಾರು ಎಳೆಯುವಾಗ ಅಂದೆ. ಒಂದು ದಿನ ಅವನು ಸುಮ್ಮನಾದ. ಆವತ್ತಿನಿಂದ ನಾಲ್ಕು ಗಂಟೆಗೆ ಬೀರುವಿಗೆ ಕೈ ಒತ್ತಿ ನಿಲ್ಲತೊಡಗಿದ.

ಓದು ಬಿಟ್ಟವನಿಗೆ ಕೆಲಸ ಸಿಕ್ಕಿದ್ದು ಎಲ್ಲಿ ಅನ್ನುತ್ತೀರಿ? ಬೀರು ಕಾರ್ಖಾನೆಯಲ್ಲೇ. ಊರಿಗೆಲ್ಲ ಬೀರು ಮಾಡುವವರು ನಾಗಭೂಷಣಯ್ಯ ಒಬ್ಬರೇ. ಎಲ್ಲರ ಬಾಯಲ್ಲಿ ಸಾವ್ಕಾರ್ರು. ತಗಡು ಹೊರುವುದರಿಂದ ಶುರುಮಾಡಿ, ಗವಿಯಪ್ಪನ ಕೈಕೆಳಗೆ ಬಂದು, ಕೊನೆಗೆ ಗವಿಯಪ್ಪ ಸೊಂಟನೋವು ಅಂತ ಮನೆ ಹಿಡಿದ ಮೇಲೆ ಅವನ ಜಾಗಕ್ಕೇ ಬಂದೆ. ಆ ಜಾಗಕ್ಕೆ ನಮ್ಮೂರಿನಲ್ಲಿ 'ಕೂರೋನು' ಅನ್ನುತ್ತಾರೆ. ಬೀರು ತಯಾರಾದ ಮೇಲೆ ಕೂರೋನು ತಗಡಿಗೆ ಗೆಣ್ಣಿನಿಂದ ಬಡಿದು ಸದ್ದು ಕೇಳಬೇಕು. ಬೆಸುಗೆ ಬಿಟ್ಟ ಕಡೆ ಸದ್ದು ಸತ್ತಿರುತ್ತದೆ. ಬಾಗಿಲ ಸಂದಿಗೆ ಪೋಸ್ಟ್ ಕಾರ್ಡು ತೂರಿಸಬೇಕು, ತೂರಿದರೆ ಬೀರು ವಾಪಸ್ಸು. ಬಾಗಿಲನ್ನು ನೂರು ಸಲ ತೆಗೆದು ಹಾಕಿ ಕೀಲು ನೋಡಬೇಕು. ಖಾನೆಗೆ ಇಟ್ಟಿಗೆ ಪೇರಿಸಿ ಹಲಗೆ ಬಾಗುತ್ತದೆಯೇ ನೋಡಬೇಕು. ಕೊನೆಗೆ ಖಾನೆಗಳನ್ನೆಲ್ಲ ಬಿಚ್ಚಿ, ಒಳಗೆ ಸ್ಟೂಲು ಹಾಕಿಕೊಂಡು, ನಾಲ್ಕು ಗಂಟೆಗೆ ತಾನೇ ಒಳಗೆ ಕೂತು ಬಾಗಿಲು ಎಳೆದುಕೊಳ್ಳಬೇಕು. ಎದೆಗೆ ಒಂದು ಹಾಳೆ ಅವುಚಿಕೊಂಡಿರಬೇಕು, ಅದರ ಮೇಲೆ ಕೂರೋನ ಹೆಸರು. ಬಿಳುಪು ಹೋದ ಮೇಲೆ ಹೊರಗೆ ಬಂದು ನೋಡಿದಾಗ ಹೆಸರು ಹಾಗೇ ಇದ್ದರೆ ಆ ಹಾಳೆಯನ್ನೇ ಬಾಗಿಲ ಒಳಮೈಗೆ ಅಂಟಿಸುತ್ತಾರೆ. ಅದಿಲ್ಲದ ಬೀರುವನ್ನು ನಮ್ಮೂರಿನಲ್ಲಿ ಯಾರೂ ಒಳಗೆ ಸೇರಿಸುವುದಿಲ್ಲ. ಒಂದೇ ದಿನಕ್ಕೆ ಒಂದೇ ಬೀರು, ಯಾಕೆಂದರೆ ದಿನಕ್ಕೆ ಒಂದೇ ಸಲ ಬಿಳುಪು. ಅಂಕಪಟ್ಟಿಯಲ್ಲಿ ನಿಲ್ಲದ ನನ್ನ ಹೆಸರು ಊರ ಬೀರುಗಳಲ್ಲಿ ನಿಲ್ಲುತ್ತದಲ್ಲ ಅಂತ ನನಗೆ ಒಳಗೊಳಗೇ ಜಂಬ ಇತ್ತು. ಆ ಜಂಬಕ್ಕೆ ಈಗ ಮೈ ಉರಿಯುತ್ತದೆ.

ಗವಿಯಪ್ಪ ಎರಡು ನೇಮ ಹೇಳಿಕೊಟ್ಟಿದ್ದ. ಒಂದು, ಬಾಗಿಲಿಗೆ ಬೆನ್ನು ಕೊಟ್ಟು ಕೂರಬೇಕು. "ಬಿಳುಪಿಗೆ ಮಖ ಕೊಡಬಾರ್ದು ಕಣ್ಲಾ ಚಿಕ್ಕೀರ. ಹಿಂದ್ಲಿಂದ ಬಂದಿರೋ ಮರ್ಯಾದೆ ಅದು." ಎರಡು, ಬಿಳಿ ಅಂಗಿಯನ್ನೇ ಹಾಕಬೇಕು. ನಾನು ಕೇಳಿದ್ದೆ, "ಒಳಗೆ ಕೂತೋನಿಗೆ ಬಿಳಿ ಯಾಕೆ ತಾತ? ಬೀರು ಒಳಗೆ ಬಣ್ಣ ಎಲ್ಲಿಗೆ ಹೋಯ್ತದೆ?" ಅವನು ಬೀಡಿ ಹಚ್ಚಿ, "ದೊಡ್ಡೋರು ಹೇಳಿದ್ದ ಕೇಳ್ಬೇಕು, ಕೆದಕಬಾರ್ದು" ಅಂದಿದ್ದ. ಕೆದಕಲಿಲ್ಲ. ಮೂರು ವರ್ಷ ಬಿಳಿ ಅಂಗಿ ಹಾಕಿ ಬೆನ್ನು ಕೊಟ್ಟು ಕೂತೆ.

ಈ ವರ್ಷ ಶಾಲೆಗೆ ಇಪ್ಪತ್ತನಾಲ್ಕು ಹೊಸ ಬೀರು ಬೇಕೆಂದು ಬಂತು. ಮಕ್ಕಳ ಅಂಕಪಟ್ಟಿಗಳನ್ನು ಮನೆಗೆ ಕೊಟ್ಟರೆ ಬೆಳ್ಳಗಾಗುತ್ತವೆ, ಹೈಸ್ಕೂಲಿಗೆ ಕಳಿಸುವ ದಿನದ ತನಕ ಶಾಲೆಯಲ್ಲೇ ಭದ್ರವಾಗಿ ಇಡುತ್ತೇವೆ ಅಂತ ಹೆಡ್ಮಿಸ್ ಕಮಲಾಕ್ಷಿ ಟೀಚರು ತೀರ್ಮಾನ ಮಾಡಿದ್ದರು. ನನ್ನ ತಂಗಿ ಮಂಗಳಿ ಈ ಸಲ ಏಳನೇ ಕ್ಲಾಸು, ಊರಿಗೇ ಮೊದಲನೆಯವಳು. ಅವಳ ಅಂಕಪಟ್ಟಿಯೂ ಅದರಲ್ಲೇ ಹೋಗಿ ಕೂರಬೇಕು. ನನಗೆ ಆದದ್ದು ಅವಳಿಗೆ ಆಗಬಾರದು ಅಂತ ಒಂದೊಂದು ಬೀರುವನ್ನೂ ಮಗುವಿನ ಮೈ ತಡವಿದ ಹಾಗೆ ತಡವಿ ನೋಡಿದೆ. ಇಪ್ಪತ್ತಮೂರು ದಿನ ಇಪ್ಪತ್ತಮೂರರಲ್ಲಿ ಕೂತೆ. ಇಪ್ಪತ್ತನಾಲ್ಕನೆಯದು ಶನಿವಾರ ಬಂತು. ಆವತ್ತು ನನ್ನ ಬಿಳಿ ಅಂಗಿಗೆ ಬಾಗಿಲ ಕೀಲಿನ ಎಣ್ಣೆ ಚೆಲ್ಲಿಹೋಗಿತ್ತು. ಮೈಮೇಲೆ ಇದ್ದದ್ದು ಮಂಗಳಿ ತಾನೇ ಹೊಲಿದು ಕೊಟ್ಟ ನೀಲಿ ಅಂಗಿ. ಬೀರು ಒಳಗೆ ಕೂತವನಿಗೆ ಬಣ್ಣದ ಹೆದರಿಕೆ ಯಾಕೆ ಅಂದುಕೊಂಡು ಹಾಗೇ ಕೂತೆ. ಹೊರಗೆ ಬಂದಾಗ ಹಾಳೆಯ ಮೇಲೆ ಹೆಸರು ಕರ್ರಗೆ ಇತ್ತು. ಅಂಟಿಸಿದೆ. ಇಪ್ಪತ್ತನಾಲ್ಕೂ ಗಾಡಿ ಹತ್ತಿದವು.

ಭಾನುವಾರ ಬೆಳಿಗ್ಗೆ ಬಟ್ಟೆ ಒಗೆಯುವ ಕಲ್ಲಿನ ಹತ್ತಿರದಿಂದ ಮಂಗಳಿ ಕೂಗಿದಳು. "ಅಣ್ಣಯ್ಯ, ಬೆನ್ನಿಗೆ ಏನು ಸುಣ್ಣ ಮೆತ್ಕಂಡಿದ್ದೀಯಾ? ಉಜ್ಜಿದ್ರೂ ಹೋಗ್ತಾ ಇಲ್ಲ." ಹೋಗಿ ನೋಡಿದೆ. ನೀಲಿ ಅಂಗಿಯ ಬೆನ್ನಿನ ನಟ್ಟನಡುವೆ ಹೆಬ್ಬೆಟ್ಟಿನಷ್ಟು ದುಂಡಗೆ ಬಿಳಿ, ಅದರ ಕೆಳಗೆ ಬೆರಳಿನಷ್ಟು ಉದ್ದಕ್ಕೆ ಬಿಳಿ. ಸುಣ್ಣವಲ್ಲ; ದಾರದ ಒಳಗಿಂದಲೇ ಬಣ್ಣ ಹೋಗಿತ್ತು. ಮಂಗಳಿ ತಲೆ ವಾರೆ ಮಾಡಿ ನೋಡಿ, "ಥೇಟು ಬೀಗದ ಕಣ್ಣು ಇದ್ದಂಗೈತೆ" ಅಂದಳು.

ಅಂಗಿಯನ್ನು ಅವಳ ಕೈಯಿಂದ ಕಿತ್ತುಕೊಂಡೆ. ಬೀಗದ ಕಣ್ಣಿಗೆ ಹೊರಗಿನಿಂದ ಒಂದು ಮುಚ್ಚಳ ಇರುತ್ತದೆ, ರೆಪ್ಪೆ ಅನ್ನುತ್ತೇವೆ. ಹಿಂದೆ ಅದು ಹಿತ್ತಾಳೆಯದು. ಒಬ್ಬೊಬ್ಬ ಕಸುಬುದಾರ ದಿನವಿಡೀ ಅರದಿಂದ ಉಜ್ಜಿ, ಉಸಿರೂ ಹೋಗದ ಹಾಗೆ ಕೂರಿಸುತ್ತಿದ್ದ. ಈಗ ತೆಳು ತಗಡಿನದು, ಯಂತ್ರದಲ್ಲಿ ಒತ್ತಿದರೆ ದಿನಕ್ಕೆ ನೂರು. ನೋಡಲು ಹೊಳೆಯುತ್ತದೆ, ಆದರೆ ಕೂದಲೆಳೆಯಷ್ಟು ಸೊಟ್ಟಗೆ ಕೂರುತ್ತದೆ. ಆ ಎಳೆಯಲ್ಲಿ ಬಿಳುಪು ಒಳಗೆ ಬಂದು ನೇರ ಎದುರಿಗೆ ಇದ್ದದ್ದರ ಮೇಲೆ ಬೀಳುತ್ತದೆ; ದಿನ ಕಳೆದ ಹಾಗೆ ಆ ಕಲೆ ಹರಡುತ್ತದೆ. ಎದುರಿಗೆ ಇರುವುದು ನಡು ಖಾನೆ. ಕೂರೋನು ಕೂತಾಗ ಎದುರಿಗೆ ಇರುವುದು ಕೂರೋನ ಬೆನ್ನು. ನಾನು ತಪಾಸಣೆ ಮಾಡುತ್ತಿರಲಿಲ್ಲ. ನನ್ನ ಬೆನ್ನಿನಿಂದ ಆ ತೂತು ಮುಚ್ಚಿಕೊಂಡು ಕೂತು, ಎದೆಯ ಮೇಲಿನ ಹೆಸರು ಉಳಿಯಿತು ಅಂತ ಬೀಗುತ್ತಿದ್ದೆ.

ಅಂಗಿಯನ್ನು ಹಿಂಡದೆ ಹಾಗೇ ಹಿಡಿದುಕೊಂಡು ಗವಿಯಪ್ಪನ ಮನೆಗೆ ಓಡಿದೆ. ಅವನು ಜಗಲಿಯಲ್ಲಿ ಕೂತು ಸೊಂಟಕ್ಕೆ ಕಾಸಿದ ಉಪ್ಪಿನ ಗಂಟು ಒತ್ತಿಕೊಳ್ಳುತ್ತಿದ್ದ. ಬಾಗಿಲ ಮೂಲಕ ಅವನ ಬೀರು ಕಾಣುತ್ತಿತ್ತು. ಮಾತಾಡುವ ಮುಂಚೆ ನನ್ನ ಕಣ್ಣು ಅದರ ಬೀಗದ ಕಣ್ಣಿಗೆ ಹೋಯಿತು. ಅದಕ್ಕೆ ಅರಗು ತುಂಬಿ, ಬೆರಳಿನಿಂದ ಒತ್ತಿ ನುಣ್ಣಗೆ ಮಾಡಿತ್ತು. ಕೀಲಿಯೇ ತಿರುಗದ ಹಾಗೆ. ಅಂಗಿಯನ್ನು ಅವನ ಮಡಿಲಿಗೆ ಎಸೆದೆ.

ಅವನು ಅದನ್ನು ಬಿಡಿಸಿ ನೋಡಿದ. "ಬಿಳಿ ಹಾಕ್ಕೋ ಅಂದಿದ್ನಲ್ಲೋ" ಅಂದ. ಅಷ್ಟೇ.

"ನಿನ್ನ ಮನೆ ಬೀರಿಗೆ ಅರಗು, ಊರೋರ ಮನೆ ಬೀರಿಗೆ ನಿನ್ನ ಹೆಸ್ರು. ಎಷ್ಟು ವರ್ಷದಿಂದ?"

"ರೆಪ್ಪೆ ಬದಲಾದಾಗಿಂದ. ಹತ್ತು ವರ್ಷ ಆಗಿರ್ಬೌದು."

"ಬೆನ್ನು ಕೊಟ್ಟು ಕೂರೋದು ಹಿಂದ್ಲಿಂದ ಬಂದ ಮರ್ಯಾದೆ ಅಂದಿದ್ದೆ?"

ಗವಿಯಪ್ಪ ಉಪ್ಪಿನ ಗಂಟನ್ನು ಪಕ್ಕಕ್ಕೆ ಇಟ್ಟ. "ಮದ್ಲು ಮಖ ಕೊಟ್ಟೇ ಕೂರ್ತಿದ್ದೊ ಕಣ್ಲಾ. ತಗಡಿನ ರೆಪ್ಪೆ ಬಂದ ಮ್ಯಾಲೆ ಹಾಳೆ ಬೆಳ್ಳಗಾಗಕ್ಕೆ ಹತ್ತಿತು. ಹೋಗಿ ಹೇಳ್ದೆ. ಹೇಳ್ಲಿಲ್ಲ ಅನ್ಬ್ಯಾಡ, ಹೇಳ್ದೆ. ಸಾವ್ಕಾರ್ರು ಕುರ್ಚಿಯಿಂದ ಎದ್ದೂ ಬರ್ಲಿಲ್ಲ. 'ಆ ಕಡೆ ತಿರುಗಿ ಕೂತ್ಕೋ ಗವಿಯಪ್ಪ, ಸರಿಹೋಗ್ತದೆ' ಅಂದ್ರು. ತಿರುಗಿ ಕೂತೆ. ಸರಿಹೋಯ್ತು."

"ಸರಿಹೋಯ್ತಾ ತಾತ? ಜವರಮ್ಮಂಗೆ ಸರಿಹೋಯ್ತಾ? ನಂಗೆ?"

ಮುದುಕನನ್ನು ಹೊಡೆಯಬಾರದು ಅಂತ ಕೈಯನ್ನು ಬಗಲಿಗೆ ಸಿಕ್ಕಿಸಿಕೊಂಡು ನಿಂತಿದ್ದೆ. ಕೊನೆಗೆ ಅವನು ನನ್ನ ಮುಖ ನೋಡದೆ ಅಂದ: "ನಾನು ಬ್ಯಾಡ ಅಂದಿದ್ರೆ ಇನ್ನೊಬ್ಬ ಬಂದು ತಿರುಗಿ ಕೂರ್ತಿದ್ದ. ನೀನೂ ಬಂದು ಕೂತ್ಯಲ್ಲಪ್ಪ." ಆ ಮಾತು ಇನ್ನೂ ನನ್ನೊಳಗೆ ಮುರಿದ ಮುಳ್ಳಿನ ಹಾಗೆ ಇದೆ, ಯಾಕೆಂದರೆ ಅದು ಸುಳ್ಳಲ್ಲ.

ಸೋಮವಾರ ಮಧ್ಯಾಹ್ನ ಮೂರಕ್ಕೆ ಶಾಲೆಗೆ ಹೋದೆ. ಅಂಕಪಟ್ಟಿಗಳನ್ನು ಎಲ್ಲರ ಎದುರಿಗೆ ಹೊಸ ಬೀರುಗಳಿಗೆ ಸೇರಿಸುವ ಸಮಾರಂಭ. ಅಪ್ಪ ಅಮ್ಮಂದಿರೆಲ್ಲ ಬಣ್ಣಬಣ್ಣದ ಬಟ್ಟೆಯಲ್ಲಿ ಅಂಗಳ ತುಂಬಿದ್ದರು; ಕೈಚೀಲದಲ್ಲಿ ಆಮೇಲೆ ಉಡಲು ಬಿಳಿ. ಹಜಾರದ ಉದ್ದಕ್ಕೆ ಇಪ್ಪತ್ತನಾಲ್ಕು ಬೀರು, ಒಂದೊಂದಕ್ಕೂ ಕುಂಕುಮ, ಹೂವು. ನಾಗಭೂಷಣಯ್ಯ ಜರಿಯಂಚಿನ ಹಸಿರು ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದರು. ನಮ್ಮಪ್ಪ ಹಿಂದಿನ ಸಾಲಿನಲ್ಲಿ, ಮಂಗಳಿಯ ಪಕ್ಕ. ಬೀರುಗಳನ್ನು ಗಾಡಿಗೆ ಬಿಗಿದು ತಂದ ಹಗ್ಗ ಅವನದೇ. ವಾಪಸ್ಸು ಒಯ್ಯಲು ಸುರುಳಿ ಸುತ್ತಿ ಕಾಲ ಬಳಿ ಇಟ್ಟುಕೊಂಡಿದ್ದ.

ನಾನು ಯಾರನ್ನೂ ಕೇಳಲಿಲ್ಲ. ಮೊದಲನೇ ಬೀರು ತೆಗೆದು ಒಳಗೆ ಅಂಟಿಸಿದ್ದ ನನ್ನ ಹೆಸರನ್ನು ಪರಕ್ಕನೆ ಕಿತ್ತೆ. ಎರಡನೆಯದು. ಮೂರನೆಯದು. ನಾಲ್ಕನೆಯದಕ್ಕೆ ಕೈ ಹಾಕಿದಾಗ ಕಮಲಾಕ್ಷಿ ಟೀಚರು ಓಡಿಬಂದು ತೋಳು ಹಿಡಿದರು. "ಏನಾಯ್ತೋ ನಿಂಗೆ? ಬುದ್ಧಿ ನೆಟ್ಟಗಿದೆಯಾ?"

"ನೆಟ್ಟಗಾದದ್ದು ನಿನ್ನೆ ಟೀಚರ್. ಇವು ಪಾಸಾಗಿಲ್ಲ. ಇವನ್ನ ಪಾಸು ಮಾಡಿದ ಸುಳ್ಳ ನಾನೇ." ನೀಲಿ ಅಂಗಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ತೋರಿಸಿದೆ. ರೆಪ್ಪೆಯ ವಿಷಯ, ಬೆನ್ನಿನ ವಿಷಯ, ನಡು ಖಾನೆಯ ವಿಷಯ ಎಲ್ಲಾ ಹೇಳಿದೆ. ಸಿಟ್ಟಿನಲ್ಲಿ ಹಿಂದುಮುಂದಾಗಿ ಹೇಳಿದೆನೋ ಏನೋ, ಅರ್ಧ ಜನ ನನ್ನ ಮುಖ ನೋಡುತ್ತಿದ್ದರು, ಅರ್ಧ ಜನ ಸಾವ್ಕಾರ್ರ ಮುಖ.

ನಾಗಭೂಷಣಯ್ಯ ಎದ್ದು ನಿಂತರು. ಸಿಟ್ಟಾಗಲಿಲ್ಲ. ಅಂಗಿಯನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿ, ಮಗುವನ್ನು ರಮಿಸುವವರ ಹಾಗೆ ತಲೆಯಾಡಿಸಿದರು. "ಪಾಪ, ಓದು ಬಿಟ್ಟ ಹುಡುಗ ಅಂತ ಕೆಲಸ ಕೊಟ್ಟೆ. ನೋಡಿ, ಶನಿವಾರ ಕೂತಾಗ ಇವನು ಬಾಗಿಲು ಸರಿಯಾಗಿ ಹಾಕ್ಕೊಂಡಿಲ್ಲ. ಅಷ್ಟೇ ವಿಷಯ."

ಆ ಮಾತನ್ನು ಅಲ್ಲಿದ್ದ ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ಒಂದಲ್ಲ ಒಂದು ದಿನ ಕೇಳಿದ್ದರು, ಇಲ್ಲವೇ ಆಡಿದ್ದರು. ಗೇಟಿನ ಹತ್ತಿರ ಬುಟ್ಟಿ ಇಳಿಸಿಕೊಂಡು ಕೂತಿದ್ದ ಜವರಮ್ಮ ಎದ್ದಳು. "ನಂಗೂ ಇದನ್ನೇ ಅಂದಿದ್ರು ಸಾವ್ಕಾರ್ರೆ" ಅಂದಳು. "ಇದೇ ಮಾತು. ಒಂದಕ್ಷರ ಆಚೀಚೆ ಇಲ್ಲ."

ಆಗಲೇ ಮಿಲ್ಲಿನ ಸಿಳ್ಳೆ ಕೂಗಿದ್ದು.

ಜಗತ್ತೇ ಮುಳುಗಿದರೂ ನಮ್ಮೂರಿನವರಿಗೆ ಸಿಳ್ಳೆ ಸಿಳ್ಳೆಯೇ. ಹೆಂಗಸರು ಒಂದು ಕೋಣೆಗೆ, ಗಂಡಸರು ಇನ್ನೊಂದಕ್ಕೆ ನುಗ್ಗಿ ಬಟ್ಟೆ ಬದಲಿಸಿ, ಮಡಚಿದ ಬಣ್ಣದ ಬಟ್ಟೆ ಹಿಡಿದು ಹೊರಗೆ ಬಂದರು. ಎದುರಿಗೆ ಇಪ್ಪತ್ತನಾಲ್ಕು ಹೊಸ ಬೀರು ಬಾಗಿಲು ತೆರೆದು ನಿಂತಿದ್ದವು. ಯಾರೂ ಮೊದಲು ಇಡಲಿಲ್ಲ. ಎಲ್ಲರ ಕಣ್ಣೂ ನಾಗಭೂಷಣಯ್ಯನವರ ಮೇಲೆ. ಅವರು ಶಾಲನ್ನು ಹೆಗಲಿನಿಂದ ತೆಗೆದು, ಮಡಚಿ, ನಡೆದರು. ಹೊಸ ಬೀರುಗಳ ಸಾಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ದಾಟಿದರು. ದಾಟಿ, ಆಫೀಸು ರೂಮಿನ ಮೂಲೆಯಲ್ಲಿ ಅಜ್ಜನ ಕಾಲದಿಂದ ತುಕ್ಕು ಹಿಡಿದು ನಿಂತಿರುವ, ಹಿತ್ತಾಳೆ ರೆಪ್ಪೆಯ ಹಳೇ ಬೀರುವಿನೊಳಗೆ ಇಟ್ಟು ಬಾಗಿಲು ಹಾಕಿದರು. ಯೋಚಿಸಿ ಮಾಡಿದ್ದಲ್ಲ. ಎಲ್ಲಿ ಹೋದರೂ ಹಿತ್ತಾಳೆ ರೆಪ್ಪೆಯನ್ನೇ ಹುಡುಕಿ ಹೋಗುವುದು ಹತ್ತು ವರ್ಷದಿಂದ ಕಾಲಿಗೆ ರೂಢಿಯಾಗಿತ್ತು. ತಿರುಗಿ ನೋಡಿದಾಗ ಇಡೀ ಅಂಗಳ ತಮ್ಮನ್ನೇ ನೋಡುತ್ತಿದೆ ಅಂತ ಅವರಿಗೆ ಗೊತ್ತಾಯಿತು.

"ಯಾಕ್ ಸಾವ್ಕಾರ್ರೆ, ನಿಮ್ಮ ಬೀರು ನಿಮ್ಮ ಶಾಲಿಗೆ ಹಿಡಿಸ್ಲಿಲ್ವಾ?" ಅಂತ ಯಾರೋ ಕೂಗಿದರು.

"ಅಭ್ಯಾಸ ಕಣ್ರಯ್ಯ, ಸುಮ್ನೆ..." ಅಂದರು. ಬೆವರು ಒರೆಸಿಕೊಂಡರು.

ಕಮಲಾಕ್ಷಿ ಟೀಚರು ಅಂಕಪಟ್ಟಿಗಳ ಕಟ್ಟನ್ನು ತಾವೇ ಎತ್ತಿಕೊಂಡು ಹೋಗಿ ಆ ಹಳೇ ಬೀರುವಿನಲ್ಲಿ ಶಾಲಿನ ಮೇಲೆ ಇಟ್ಟು ಬಂದರು. ಜನ ತಮ್ಮ ಬಟ್ಟೆಗಳನ್ನು ಹೊಸ ಬೀರುಗಳ ಮೇಲಿನ, ಕೆಳಗಿನ ಖಾನೆಗಳಿಗೆ ತುರುಕಿದರು; ನಡು ಖಾನೆಗೆ ಯಾರೂ ಕೈ ಹಾಕಲಿಲ್ಲ. ಜವರಮ್ಮ ಇಡ್ಲಿ ಬುಟ್ಟಿಗೆ ಮುಚ್ಚಿದ್ದ ಕೆಂಪು ಬಟ್ಟೆಯನ್ನು ಜಾಡಿಸಿ, ಹೊಸ ಸಾಲಿನ ನಡುವಿನ ಬೀರು ಒಂದಕ್ಕೆ ಹೋಗಿ, ನಡು ಖಾನೆಯಲ್ಲಿ ನೇರವಾಗಿ ನೇತು ಹಾಕಿದಳು. "ಕೆಂಚಣ್ಣ, ನಿನ್ನ ಹಗ್ಗ ತಗಂಡ್ ಬಾ. ಬಾಗ್ಲು ಹಾಕ್ಲಿಲ್ಲ ಅನ್ನೋ ಮಾತು ಇವತ್ತು ಯಾರೂ ಅನ್ಬಾರ್ದು" ಅಂದಳು.

ನಮ್ಮಪ್ಪ ಎದ್ದು ಬಂದ. ಬಾಗಿಲು ಹಾಕಿದ, ಮೂರು ಸಲ ಎಳೆದು ನೋಡಿದ, ಸಾವ್ಕಾರ್ರಿಗೂ ಎಳೆದು ನೋಡಲು ಹೇಳಿದ. ಆಮೇಲೆ ತಲೆಯಿಂದ ಬುಡದ ತನಕ, ರೆಪ್ಪೆಯೊಂದನ್ನು ಬಿಟ್ಟು, ಹಗ್ಗ ಸುತ್ತತೊಡಗಿದ. ಒಂದೊಂದು ಸುತ್ತಿಗೂ ಮೊಣಕಾಲು ಕೊಟ್ಟು ಬಿಗಿದ. ತಗಡು ಕಿರುಗುಟ್ಟಿತು. ಗಂಟು ಹಾಕಿದ ಮೇಲೂ ಅವನ ಕೈಗಳು ರೂಢಿಯಂತೆ ಬಾಗಿಲಿಗೆ ಹೋಗಿ ಒತ್ತಿಕೊಂಡವು. ಬಿಳುಪು ಬಂತು. ಬಿಳಿ ಬಟ್ಟೆಯ ಜನ, ಬಿಳಿ ಅಂಗಳ. ಹೂವಿನ ಪಕ್ಕದ ಕುಂಕುಮ ಒಂದೊಂದಾಗಿ ಆರಿಹೋಯಿತು. ಅಪ್ಪ ಕೈ ಒತ್ತಿಕೊಂಡೇ ಇದ್ದ.

ಹೋದ ಮೇಲೆ ಗಂಟು ಬಿಚ್ಚಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಬಾಗಿಲು ತೆರೆದ. ಕೆಂಪು ಬಟ್ಟೆಯ ನಡುವೆ ದುಂಡಗೆ ಬಿಳಿ, ಕೆಳಗೆ ಉದ್ದಕ್ಕೆ ಬಿಳಿ.

ಜವರಮ್ಮ ಬಟ್ಟೆಯನ್ನು ತೆಗೆದುಕೊಂಡು ನಾಗಭೂಷಣಯ್ಯನವರ ಹೆಗಲಿಗೆ, ಶಾಲು ಇದ್ದ ಜಾಗಕ್ಕೆ ಹಾಕಿದಳು. ಅವರು ಅದನ್ನು ತೆಗೆಯಲೂ ಇಲ್ಲ. ಹಾಗೇ ಗೇಟಿನ ತನಕ ನಡೆದರು. ಜನ ಏನೇನು ಕೂಗಿದರು ಅನ್ನುವುದನ್ನು ನಾನು ಇಲ್ಲಿ ಬರೆಯುವುದಿಲ್ಲ. ಇಪ್ಪತ್ತನಾಲ್ಕೂ ವಾಪಸ್ಸು ಹೋದವು, ನನ್ನ ಕೆಲಸವೂ ಹೋಯಿತು. ಈಗ ಕಾರ್ಖಾನೆಯಲ್ಲಿ ಹಿತ್ತಾಳೆ ಉಜ್ಜುವ ಸದ್ದು ಕೇಳುತ್ತದಂತೆ. ಕೇಳಲಿ. ಜವರಮ್ಮನ ಗಂಡನ ಮನೆಯಿಂದ ಇವತ್ತಿನ ತನಕ ಒಬ್ಬ ನರಪಿಳ್ಳೆ ಬಂದು ತಪ್ಪಾಯಿತು ಅಂದಿಲ್ಲ. ಹೊಳೆಯಾಚೆಯ ಗುಮಾಸ್ತ ನನ್ನ ಬಿಳಿ ಹಾಳೆಯನ್ನು ಈಗಲೂ ಒಪ್ಪುವುದಿಲ್ಲ. ಮಂಗಳಿ ಮಾತ್ರ ಕರ್ರಗಿನ ಅಕ್ಷರದ ಹಾಳೆ ಹಿಡಿದು ದೋಣಿ ಹತ್ತಿದಳು.

ಆವತ್ತು ಶಾಲೆಯಿಂದ ಮನೆಗೆ ನಾನು ಅಪ್ಪ ಇಬ್ಬರೇ ನಡೆದೆವು. ಹಗ್ಗದ ಸುರುಳಿ ನನ್ನ ಹೆಗಲ ಮೇಲಿತ್ತು. ಬಾವಿಕಟ್ಟೆಯ ತನಕ ಅವನು ಮುಂದೆ, ನಾನು ಹಿಂದೆ. ಅಲ್ಲಿ ನಿಂತು, "ಬಾಗ್ಲು ಹಾಕಿತ್ತು" ಅಂದ.

"ಹಾಕಿತ್ತು ಅಪ್ಪಯ್ಯ. ಆವತ್ತೂ ಹಾಕಿತ್ತು."

"ಹಾಕಿದ್ದೆ ಅಂತ ನಂಗೆ ಮದ್ಲು ಚೆನ್ನಾಗಿ ನೆಪ್ಪಿತ್ತು ಮಗಾ. ನೀನು ದಿನಾ ಅಂತಿದ್ಯಲ್ಲ, ಆಮ್ಯಾಕೆ ನೆಪ್ಪೇ ಹೊಂಟೋಯ್ತು."

ಅಂಕಪಟ್ಟಿಯ ಅಕ್ಷರವನ್ನು ಒಯ್ದದ್ದು ತಗಡಿನ ರೆಪ್ಪೆ. ಅಪ್ಪನ ನೆನಪನ್ನು ಒಯ್ದದ್ದು ನಾನು. ಮಾರನೆಯ ದಿನ ಅರಗು ಕಾಸಿ ನಮ್ಮ ಬೀರುವಿನ ಬೀಗದ ಕಣ್ಣಿಗೆ ತುಂಬಿದೆ. ಮೂರೂಮುಕ್ಕಾಲಿಗೆ ಸಿಳ್ಳೆ ಕೂಗಿತು. ಹೊರಗೆ ಹಗ್ಗದ ರಾಟೆಯ ಸದ್ದು ನಿಲ್ಲಲಿಲ್ಲ. ಅಪ್ಪ ಹೊಸೆಯುತ್ತಲೇ ಇದ್ದ. ನಾನು ಬಟ್ಟೆಬರೆ ಒಳಗಿಟ್ಟು ಬಾಗಿಲು ಹಾಕಿದೆ. ಹಾಕಿದೆಯೋ ಇಲ್ಲವೋ ಅಂತ ಎಳೆದು ನೋಡಿದೆ. ಇನ್ನೊಂದು ಸಲ ನೋಡಿದೆ. ಅರಗು ತುಂಬಿದ ಮೇಲೆ ಅದರ ಅಗತ್ಯವಿಲ್ಲ ಅಂತ ನನಗಿಂತ ಚೆನ್ನಾಗಿ ಈ ಊರಿನಲ್ಲಿ ಯಾರಿಗೆ ಗೊತ್ತು? ಆದರೂ ಅಪ್ಪನ ಅಂಗೈ ತಾಗಿ ತಾಗಿ ತಗಡು ಸವೆದು ಹೊಳೆಯುತ್ತಿದ್ದ ಆ ಎರಡು ಜಾಗಕ್ಕೆ ನನ್ನ ಎರಡೂ ಕೈ ಒತ್ತಿ, ಬಿಳುಪು ಹೋಗುವ ತನಕ ನಿಂತೇ ಇದ್ದೆ.